ಏರಿಯ ಮೇಲಣವರೂ ಏರಿಯ ಕೆಳಗಣವರೂ



ಮೋಶೆಯ ಧರ್ಮಶಾಸ್ತ್ರದಲ್ಲಿ ಮನೆ ಕಟ್ಟುವವನಿಗೆ ಒಂದು ಚಿಕ್ಕ ಅಪ್ಪಣೆಯುಂಟು. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಕುಂಬಿಗೋಡೆಯನ್ನು ಎತ್ತಬೇಕು. ಎತ್ತದೆ ಬಿಟ್ಟದ್ದರಿಂದ ಯಾವನಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಆ ಮನೆಯ ಮೇಲೆ ಬರುವದು ಎಂಬದಾಗಿ ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದಲ್ಲಿ ನಾವು ತಿಳಿಯುತ್ತೇವೆ. ವಿಮೋಚನಕಾಂಡದ ೨೧ನೆಯ ಅಧ್ಯಾಯದಲ್ಲಿ ಇಂಥವೇ ಇನ್ನೆರಡು ಅಪ್ಪಣೆಗಳುಂಟು. ಒಬ್ಬನು ಕುಣಿಯನ್ನು ತೋಡಿ ಮುಚ್ಚದೆ ಬಿಟ್ಟು ಅದರಲ್ಲಿ ನೆರೆಯವನ ದನ ಬಿದ್ದರೆ, ತೋಡಿದವನೇ ನಷ್ಟವನ್ನು ತೆರಬೇಕು. ಒಬ್ಬನ ಎತ್ತು ಹಾಯುವಂಥದೆಂದು ಮೊದಲೇ ತಿಳಿಸಿದ್ದಾಗ್ಯೂ ಅವನು ಅದನ್ನು ಕಟ್ಟದೆ, ಅದು ಮನುಷ್ಯನನ್ನು ಕೊಂದರೆ, ಅಪರಾಧವು ಎತ್ತಿನ ಯಜಮಾನನ ತಲೆಯ ಮೇಲೆಯೂ ನಿಲ್ಲುವದು.

ಮನೆ ಕಟ್ಟಬಾರದೆಂದು ದೇವರು ಹೇಳಲಿಲ್ಲ. ಎತ್ತನ್ನು ಸಾಕಬಾರದೆಂದೂ ಹೇಳಲಿಲ್ಲ. ಆದರೆ ಸೊತ್ತುಳ್ಳವನಿಗೆ ಸೊತ್ತು ಮಾತ್ರ ಸಿಕ್ಕುವದಿಲ್ಲ, ಅದರೊಡನೆ ನೆರೆಯವನ ಪ್ರಾಣದ ಲೆಕ್ಕವೂ ಸಿಕ್ಕುವದು ಎಂಬದು ಈ ಅಪ್ಪಣೆಗಳ ತಾತ್ಪರ್ಯ. ಮಾಳಿಗೆ ಎಷ್ಟು ಎತ್ತರವೋ ಕುಂಬಿಗೋಡೆಯೂ ಅಷ್ಟು ಅವಶ್ಯ. ಈ ತಿಂಗಳಲ್ಲಿ ನಾವು ಇದನ್ನೇ ಧ್ಯಾನಿಸೋಣ.

ನಮ್ಮ ಸಭೆಗಳಲ್ಲಿ ಐಶ್ವರ್ಯವಂತರು ವಿರಳ. ಹೀಗಿರಲು ದೊಡ್ಡ ಸಿರಿಯ ಮಾತು ನಮಗೇಕೆ ಎಂದು ಕೆಲವರು ಕೇಳಾರು. ೨೦೨೨ನೆಯ ಇಸವಿಯ ಲೋಕದ ಅಸಮಾನತೆಯ ವರದಿಯಲ್ಲಿ ಪಂಡಿತರು ಹಾಕಿದ ಲೆಕ್ಕವನ್ನು ಕೇಳಿರಿ. ಲೋಕದ ಸೊತ್ತನ್ನೆಲ್ಲಾ ನೂರು ಪಾಲು ಮಾಡಿದರೆ, ಪ್ರತಿ ನೂರು ಮಂದಿಯಲ್ಲಿ ಮೇಲಣ ಹತ್ತು ಮಂದಿಯ ಕೈಯಲ್ಲಿ ೭೬ ಪಾಲುಗಳಿವೆ; ಕೆಳಗಣ ಐವತ್ತು ಮಂದಿಗೆಲ್ಲಾ ಕೂಡಿ ದೊರೆತದ್ದು ೨ ಪಾಲುಗಳು ಮಾತ್ರ. ಇದರಲ್ಲಿ ಊಟ ಬಟ್ಟೆಗಳ ಭೇದ ಮಾತ್ರ ಇದ್ದರೆ, ಇದ್ದುದರಲ್ಲಿ ತೃಪ್ತಿಯಿಂದಿರೋಣ ಎಂದು ಸುಮ್ಮನಾಗಬಹುದಾಗಿತ್ತು. ಆದರೆ ಅಳತೆಗೆ ಮೀರಿದ ಸಿರಿಯು ಅದಕ್ಕಿಂತ ಭಾರವಾದ ಒಂದು ಕೆಲಸವನ್ನು ಮಾಡುತ್ತದೆ. ಅನೇಕರ ಜೀವದ ಕ್ಷೇಮವನ್ನು ಅದು ಕೆಲವರ ಕೈಗೆ ಕೊಡುತ್ತದೆ. ಆ ಕೆಲವರನ್ನು ಲೆಕ್ಕ ಕೇಳುವವರು ಇಲ್ಲದಂತೆಯೂ ಮಾಡುತ್ತದೆ. ಇದು ಹೇಗೆ ನಡೆಯುತ್ತದೆಂದು ತೋರಿಸುವದಕ್ಕೆ ಅಮೆರಿಕಾ ದೇಶದ ಒಂದು ಕೆರೆಯ ಸಂಗತಿಯನ್ನು ನಿಮ್ಮ ಮುಂದಿಡುತ್ತೇವೆ. ಅದು ನಡೆದು ನೂರಮೂವತ್ತು ವರುಷಗಳಿಗೂ ಮಿಕ್ಕಿ ಆಯಿತು. ಆದರೂ ಅದರ ಪಾಠ ಹಳೆಯದಾಗಲಿಲ್ಲ.

ಕೆರೆಯ ಮಾತನ್ನು ಒಕ್ಕಲುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏರಿ ಗಟ್ಟಿಯಾಗಿರಬೇಕು, ನೀರನ್ನು ಬೇಕಾದಾಗ ಬಿಡುವದಕ್ಕೆ ತೂಬು ಇರಬೇಕು, ಮಳೆ ಹೆಚ್ಚಾದಾಗ ಮಿಕ್ಕ ನೀರು ಹರಿದುಹೋಗುವದಕ್ಕೆ ಕೋಡಿ ಇರಬೇಕು. ತೂಬು ಕೆಟ್ಟು ಕೋಡಿ ಕಟ್ಟಿದರೆ, ಊರನ್ನು ಸಾಕುವ ನೀರೇ ಊರನ್ನು ಕೊಲ್ಲುವದು. ಆದದರಿಂದಲೇ ನಮ್ಮ ನಾಡಿನ ಹಿಂದಿನವರು ಕೆರೆಯನ್ನು ಕಟ್ಟಿ ಬಿಡದೆ, ಅದನ್ನು ಕಾಪಾಡುವದಕ್ಕಾಗಿ ಬಿತ್ತುವಟ್ಟವೆಂದು ಭೂಮಿಯನ್ನು ಬಿಟ್ಟು ಶಾಸನದ ಕಲ್ಲುಗಳನ್ನು ನೆಡಿಸಿದರು; ನೀರುಗಂಟಿಯು ತೂಬನ್ನು ಕಾಯುತ್ತಿದ್ದನು.

ಅಮೆರಿಕಾದ ಪೆನ್ಸಿಲ್ವೇನಿಯಾ ಸೀಮೆಯ ಗುಡ್ಡಗಳ ನಡುವೆ ಸೌತ್ ಫೋರ್ಕ್ ಎಂಬ ಹಳ್ಳಕ್ಕೆ ಅಡ್ಡಲಾಗಿ ಆ ಸೀಮೆಯ ಸರಕಾರದವರು ಒಂದು ಮಣ್ಣಿನ ಏರಿಯನ್ನು ಕಟ್ಟಿಸಿದ್ದರು. ಅದರ ಎತ್ತರ ೭೨ ಅಡಿ, ಉದ್ದ ಒಂಬೈನೂರು ಅಡಿಗೂ ಮಿಕ್ಕಿ. ದೋಣಿಗಳು ಹೋಗುವ ಕಾಲುವೆಗೆ ನೀರು ಒದಗಿಸುವದು ಅದರ ಉದ್ದೇಶವಾಗಿತ್ತು. ಅದರ ಅಡಿಯಲ್ಲಿ ನೀರನ್ನು ಹೊರಬಿಡುವ ಕಬ್ಬಿಣದ ಕೊಳವೆಗಳಿದ್ದವು. ಪಕ್ಕದಲ್ಲಿ ಕೋಡಿಯೂ ಇತ್ತು. ರೈಲುದಾರಿ ಬಂದ ಮೇಲೆ ಕಾಲುವೆಯಿಂದ ಉಪಯೋಗವಿಲ್ಲದೆ ಹೋಗಿ ಕೆರೆಯು ಕೈಯಿಂದ ಕೈಗೆ ಮಾರಲ್ಪಟ್ಟಿತು. ನಡುವೆ ಅದನ್ನು ಕೊಂಡಿದ್ದ ಒಬ್ಬನು ಅಡಿಯ ಕೊಳವೆಗಳನ್ನು ತೆಗೆಯಿಸಿ ಹಳೆಯ ಕಬ್ಬಿಣವಾಗಿ ಮಾರಿಬಿಟ್ಟನು. ತೂಬಿಲ್ಲದ ಕೆರೆ ಆ ದಿನವೇ ಹುಟ್ಟಿತು.

೧೮೭೯ರಲ್ಲಿ ಬೆಂಜಮಿನ್ ರಫ್ ಎಂಬವನು ಆ ಕೆರೆಯನ್ನು ಕೊಂಡು, ಪಿಟ್ಸ್‌ಬರ್ಗ್ ಪಟ್ಟಣದ ಐಶ್ವರ್ಯವಂತರಿಗಾಗಿ ಬೇಸಿಗೆಯ ವಿಹಾರದ ಸಂಘವೊಂದನ್ನು ಸ್ಥಾಪಿಸಿದನು. ಉಕ್ಕಿನ ಕಾರ್ಖಾನೆಗಳ ಒಡೆಯನಾದ ಆಂಡ್ರೂ ಕಾರ್ನೆಗಿ, ಅವನ ಪಾಲುಗಾರನಾದ ಹೆನ್ರಿ ಕ್ಲೇ ಫ್ರಿಕ್, ಸಾಹುಕಾರನಾದ ಆಂಡ್ರೂ ಮೆಲನ್ ಮುಂತಾದ ಅರುವತ್ತು ಮಂದಿಗೂ ಮಿಕ್ಕಿ ಅದರ ಸದಸ್ಯರಾದರು. ಅವರು ಕೆರೆಯ ದಡದಲ್ಲಿ ದೊಡ್ಡ ಮನೆಗಳನ್ನು ಕಟ್ಟಿಸಿದರು, ನೀರಿನಲ್ಲಿ ಮೀನುಗಳನ್ನು ಬಿಡಿಸಿದರು. ಗಾಡಿಗಳು ಏರಿಯ ಮೇಲೆ ಹೋಗಬೇಕೆಂದು ಏರಿಯ ತಲೆಯನ್ನು ತಗ್ಗಿಸಿದರು. ಬೆಲೆಯುಳ್ಳ ಮೀನುಗಳು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಕಬ್ಬಿಣದ ಜಾಲರಿಯನ್ನು ಹಾಕಿಸಿದರು. ಮಾರಿಹೋದ ಕೊಳವೆಗಳಿಗೆ ಬದಲಾಗಿ ಬೇರೆಯವನ್ನು ಇಡಿಸಲೇ ಇಲ್ಲ.

ಕೆರೆಯಿಂದ ಸುಮಾರು ಹದಿನಾಲ್ಕು ಮೈಲಿ ಕೆಳಗೆ, ಅದೇ ಕಣಿವೆಯಲ್ಲಿ, ಜಾನ್‌ಸ್ಟೌನ್ ಎಂಬ ಪಟ್ಟಣವಿತ್ತು. ಅಲ್ಲಿಯೂ ಅದರ ನೆರೆಯ ಊರುಗಳಲ್ಲಿಯೂ ಸುಮಾರು ಮೂವತ್ತು ಸಾವಿರ ಜನರು ವಾಸವಾಗಿದ್ದರು. ಇವರಲ್ಲಿ ಹೆಚ್ಚಿನವರು ಕಬ್ಬಿಣದ ಕಾರ್ಖಾನೆಯ ದುಡಿಮೆಯಿಂದ ಜೀವಿಸುವವರು. ೧೮೮೦ರಲ್ಲಿ ಆ ಕಾರ್ಖಾನೆಯ ಮುಖ್ಯಸ್ಥನಾದ ಡೇನಿಯಲ್ ಮೊರೆಲ್ ಎಂಬವನು ಜಾನ್ ಫುಲ್ಟನ್ ಎಂಬ ಎಂಜಿನಿಯರನನ್ನು ಏರಿಯನ್ನು ಪರೀಕ್ಷಿಸುವದಕ್ಕೆ ಕಳುಹಿಸಿದನು. ನೀರನ್ನು ಹೊರಬಿಡುವ ಕೊಳವೆಗಳಿಲ್ಲ, ಏರಿಯ ದುರಸ್ತು ಸರಿಯಾಗಿ ನಡೆದಿಲ್ಲ ಎಂದು ಫುಲ್ಟನ್ ಬರೆದನು. ದುರಸ್ತಿನ ಖರ್ಚಿನಲ್ಲಿ ತಾವೂ ಪಾಲು ಕೊಡುವೆವೆಂದು ಮೊರೆಲ್ ಹೇಳಿ ಕಳುಹಿಸಿದನು. ನಿಮಗೂ ನಿಮ್ಮ ಜನರಿಗೂ ಅಪಾಯವಿಲ್ಲವೆಂಬ ಉತ್ತರವು ರಫ್‌ನಿಂದ ಬಂತು. ಎತ್ತು ಹಾಯುವಂಥದೆಂದು ಯಜಮಾನನಿಗೆ ತಿಳಿಸಿ ಆಯಿತು. ಯಜಮಾನನು ಅದನ್ನು ಕಟ್ಟಲಿಲ್ಲ.

ಒಂಬತ್ತು ವರುಷಗಳು ಕಳೆದವು. ಮಳೆಗಾಲ ಬಂದಾಗಲೆಲ್ಲಾ ಏರಿ ಒಡೆಯುವದೆಂಬ ಸುದ್ದಿ ಹಬ್ಬುವದು, ಏರಿ ಒಡೆಯದು, ಜನರು ನಗುವರು. ೧೮೮೯ನೆಯ ಮೇ ತಿಂಗಳ ೩೦ರ ರಾತ್ರಿ ಭಾರೀ ಮಳೆ ಹಿಡಿಯಿತು. ೩೧ರ ಬೆಳಿಗ್ಗೆ ಕೆರೆಯ ನೀರು ಗಳಿಗೆ ಗಳಿಗೆಗೂ ಏರುತ್ತಾ ಬಂತು. ಕೂಲಿಯವರು ಗುದ್ದಲಿ ಹಿಡಿದು ಹೊಸ ಕೋಡಿಯನ್ನು ತೋಡುವದಕ್ಕೆ ಪ್ರಯತ್ನಪಟ್ಟರು. ಜಾಲರಿಗೆ ಕಸವೂ ಕೊಂಬೆಗಳೂ ಸಿಕ್ಕಿಕೊಂಡು ಇದ್ದ ಕೋಡಿಯೂ ಕಟ್ಟಿತ್ತು. ಕೆಳಗಿನ ಊರುಗಳಿಗೆ ತಂತಿಯ ವರ್ತಮಾನ ಹೋಯಿತು. ಹಿಂದೆ ಹಲವು ಸಾರಿ ಸುಳ್ಳಾದ ಮಾತಾದದರಿಂದ ಕೇಳಿದವರು ಕಡಿಮೆ. ಮಧ್ಯಾಹ್ನ ಮೂರು ಗಂಟೆಯಾದ ಮೇಲೆ ಏರಿ ಒಡೆಯಿತು. ಒಂದು ತಾಸಿನೊಳಗೆ ನೀರು ಮರಗಳನ್ನೂ ಮನೆಗಳನ್ನೂ ರೈಲಿನ ಬಂಡಿಗಳನ್ನೂ ನೂಕಿಕೊಂಡು ಜಾನ್‌ಸ್ಟೌನಿನ ಮೇಲೆ ಬಿತ್ತು. ಪಟ್ಟಣದ ಕಲ್ಲಿನ ಸೇತುವೆಗೆ ಸಿಕ್ಕಿ ನಿಂತ ರಾಶಿಗೆ ಬೆಂಕಿ ಹತ್ತಿ, ನೀರಿನಿಂದ ತಪ್ಪಿಸಿಕೊಂಡವರಲ್ಲಿ ಹಲವರು ಬೆಂಕಿಯಿಂದ ಸತ್ತರು. ಸತ್ತವರ ಲೆಕ್ಕ ೨,೨೦೯. ತಂದೆ ತಾಯಿ ಮಕ್ಕಳೆಲ್ಲಾ ಅಳಿದು ಹೋದ ಕುಟುಂಬಗಳು ೯೯. ಗುರುತು ಸಿಕ್ಕದೆ ಸಮಾಧಿಯಾದವರು ಏಳುನೂರೈವತ್ತು ಮಂದಿಗೂ ಹೆಚ್ಚು.

ಲೋಕದ ನಾನಾ ಕಡೆಗಳಿಂದ ಸಹಾಯ ಬಂತು. ಮೂವತ್ತೇಳು ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಕೂಡಿತು. ವಿಹಾರದ ಸಂಘದವರು ಸಾವಿರ ಕಂಬಳಿಗಳನ್ನು ಕಳುಹಿಸಿದರು. ಸದಸ್ಯರಲ್ಲಿ ಸುಮಾರು ಅರ್ಧ ಮಂದಿ ಹಣವನ್ನೂ ಕೊಟ್ಟರು. ಕಾರ್ನೆಗಿಯು ಪ್ರವಾಹದಲ್ಲಿ ಹಾಳಾದ ಪುಸ್ತಕಭಂಡಾರವನ್ನು ತಿರಿಗಿ ಕಟ್ಟಿಸಿಕೊಟ್ಟನು. ಆದರೆ ಬದುಕಿ ಉಳಿದವರು ನ್ಯಾಯಸ್ಥಾನಕ್ಕೆ ಹೋದಾಗ ಅವರಿಗೆ ಒಂದು ಕಾಸೂ ದೊರೆಯಲಿಲ್ಲ. ಸಂಘದ ಹೆಸರಿನಲ್ಲಿ ಹೇಳಿಕೊಳ್ಳುವಂಥ ಆಸ್ತಿಯಿರಲಿಲ್ಲ. ಸದಸ್ಯರ ಮೇಲೆ ಹೊಣೆ ನಿಲ್ಲಲಿಲ್ಲ. ನಡೆದದ್ದು ದೇವರ ಕ್ರಿಯೆಯೆಂದು ಎಣಿಸಲ್ಪಟ್ಟಿತು. ಎಂಜಿನಿಯರರ ಸಂಘದವರು ೧೮೯೧ರಲ್ಲಿ ಪ್ರಕಟಿಸಿದ ವರದಿಯು, ಏರಿಯನ್ನು ಮೊದಲಿದ್ದ ಹಾಗೆ ಇಟ್ಟಿದ್ದರೂ ಅದು ಒಡೆಯುತ್ತಿತ್ತು ಎಂದಿತು. ಆದರೆ ೨೦೧೬ರಲ್ಲಿ ಪ್ರಕಟವಾದ ಶೋಧನೆಯಲ್ಲಿ ಪಂಡಿತರು ಕಣಿವೆಯನ್ನು ಹೊಸದಾಗಿ ಅಳೆದು ಈ ಮಾತನ್ನು ಒಪ್ಪಲಿಲ್ಲ. ಏರಿಯ ತಲೆಯನ್ನು ತಗ್ಗಿಸಿದ್ದರಿಂದಲೇ ಹೆಚ್ಚು ನೀರನ್ನು ಹೊರಬಿಡುವ ಶಕ್ತಿಯು ಬಹಳವಾಗಿ ಕುಂದಿತೆಂದು ಅವರು ತೋರಿಸಿದರು.

ಪ್ರಿಯರೇ, ಈ ಸಂಗತಿಯಿಂದ ನಾವು ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದಾಗಿ, ದೊಡ್ಡ ಸಿರಿಯು ಮನುಷ್ಯನನ್ನು ನೆರೆಯವನಿಂದ ದೂರಮಾಡುತ್ತದೆ. ಆ ಸಂಘದವರು ಕೊಲೆಗಾರರಲ್ಲ. ಅವರಲ್ಲಿ ದೇವಾಲಯಕ್ಕೆ ಹೋಗುವವರೂ ಮಕ್ಕಳನ್ನು ಪ್ರೀತಿಸುವವರೂ ಇದ್ದಿರಬೇಕು. ಜಾನ್‌ಸ್ಟೌನಿನವರನ್ನು ಕೊಲ್ಲಬೇಕೆಂದು ಯಾರೂ ಎಣಿಸಲಿಲ್ಲ. ಜಾನ್‌ಸ್ಟೌನಿನವರನ್ನು ಎಣಿಸಲೇ ಇಲ್ಲ, ಅಷ್ಟೆ. ಅವರ ಲೆಕ್ಕದಲ್ಲಿ ಮೀನು ಇತ್ತು, ಗಾಡಿಯ ದಾರಿ ಇತ್ತು, ಕೆಳಗಿನ ಊರು ಇರಲಿಲ್ಲ. ಕರ್ತನು ಹೇಳಿದ ಸಾಮ್ಯದಲ್ಲಿಯೂ ಹೀಗೆಯೇ ಅಲ್ಲವೇ? ಐಶ್ವರ್ಯವಂತನು ಲಾಜರನನ್ನು ಹೊಡೆದನೆಂದಾಗಲಿ ಅವನ ಸೊತ್ತನ್ನು ಕದ್ದನೆಂದಾಗಲಿ ಹೇಳಿಲ್ಲ. ಬಾಗಲಲ್ಲಿ ಬಿದ್ದಿದ್ದ ಬಡವನನ್ನು ಬಿಟ್ಟು ದಿನ ದಿನವೂ ಉಂಡನೆಂಬುದೇ ಅವನ ಮೇಲಿನ ಅಪವಾದ. ಆ ಬಾಗಲೇ ಅವರಿಬ್ಬರ ನಡುವಣ ಅಗಾಧವಾಯಿತು.

ಎರಡನೆಯದಾಗಿ, ದೊಡ್ಡ ಸಿರಿಯು ಎಚ್ಚರಿಕೆಯ ಮಾತನ್ನು ಹಗುರ ಮಾಡುತ್ತದೆ. ಬಡವನು ಏರಿಯನ್ನು ಕೆಡಿಸಿದ್ದರೆ ಊರಿನವರು ಅದೇ ಸಂಜೆ ಅವನನ್ನು ಚಾವಡಿಗೆ ಕರೆಯುತ್ತಿದ್ದರು. ಸೀಮೆಯಲ್ಲಿಯೇ ದೊಡ್ಡವರಾದವರನ್ನು ಯಾರು ಕರೆಯುವರು? ಜಾನ್‌ಸ್ಟೌನಿನ ದೊಡ್ಡ ಕಾರ್ಖಾನೆಯ ಮುಖ್ಯಸ್ಥನ ಕಾಗದಕ್ಕೇ ಬೆಲೆಯಿಲ್ಲದೆ ಹೋದಲ್ಲಿ ಕೂಲಿಯವನ ಮಾತಿಗೆ ಎಲ್ಲಿಯ ಬೆಲೆ? ಅರಸನಾದ ಅಹಾಬನು ನಾಬೋತನ ದ್ರಾಕ್ಷೇತೋಟವನ್ನು ಅಪೇಕ್ಷಿಸಿದಾಗ ಊರಿನ ಹಿರಿಯರೇ ಸುಳ್ಳುಸಾಕ್ಷಿಗೆ ಕೂತರು. ಅಲ್ಲಿ ಕತ್ತಿಗಿಂತ ಮುಂಚೆ ಕೆಲಸ ಮಾಡಿದ್ದು ಜನರ ಬಾಯಿಯನ್ನು ಮುಚ್ಚಿದ ಭಯವೇ. ಎಲೀಯನು ಒಬ್ಬನೇ ಹೋಗಿ ಅರಸನಿಗೆ ಎದುರಾಗಿ ನಿಂತು ಮಾತಾಡಬೇಕಾಯಿತು.

ಮೂರನೆಯದಾಗಿ, ದೊಡ್ಡ ಸಿರಿಯು ಲೆಕ್ಕವನ್ನು ಕೊಡದೆ ದಾನವನ್ನು ಕೊಡುತ್ತದೆ. ಇದನ್ನು ಜಾಗ್ರತೆಯಿಂದ ಆಲೋಚಿಸಬೇಕು. ಯಾಕಂದರೆ ದಾನವು ಒಳ್ಳೇದೇ. ಏರಿ ಒಡೆದ ಮರುದಿನವೇ ಹುಟ್ಟಿದ ೧೮೮೯ನೆಯ ಜೂನ್ ತಿಂಗಳ ಪತ್ರಿಕೆಯೊಂದರಲ್ಲಿ ಕಾರ್ನೆಗಿಯು ಸಂಪತ್ತಿನ ವಿಷಯವಾಗಿ ಬರೆದ ಪ್ರಬಂಧವು ಪ್ರಕಟವಾಗಿತ್ತು. ಐಶ್ವರ್ಯವಂತನು ತನ್ನ ಹೆಚ್ಚಿನ ಸೊತ್ತಿಗೆ ಬಡವರ ಪರವಾದ ಮನೆವಾರ್ತೆಯವನು ಮಾತ್ರ. ಅದನ್ನು ಕೊಡದೆ ಸಾಯುವವನು ಅವಮಾನದಲ್ಲಿ ಸಾಯುವನು. ಆದರೆ ಬಡವರು ತಾವಾಗಿ ಮಾಡಿಕೊಳ್ಳುವದಕ್ಕಿಂತ ಅವನೇ ಅವರಿಗೋಸ್ಕರ ಚೆನ್ನಾಗಿ ಮಾಡಬಲ್ಲನು ಎಂಬದು ಅದರ ಸಾರಾಂಶ. ಅವನು ನುಡಿದಂತೆ ಕೊಟ್ಟದ್ದೂ ನಿಜ. ೧೯೦೧ರಲ್ಲಿ ಅವನ ಕಾರ್ಖಾನೆಗಳು ೪೮ ಕೋಟಿ ಡಾಲರುಗಳಿಗೆ ಮಾರಲ್ಪಟ್ಟವು. ೧೯೧೯ರಲ್ಲಿ ಅವನು ಸಾಯುವದರೊಳಗೆ ಸುಮಾರು ೩೫ ಕೋಟಿ ಡಾಲರುಗಳನ್ನು ದಾನಮಾಡಿದ್ದನು. ಅವನ ಹಣದಿಂದ ಕಟ್ಟಿದ ಪುಸ್ತಕಭಂಡಾರಗಳು ೨,೫೦೯. ಇಂಥಾ ದಾನವನ್ನು ನಾವು ಅಲ್ಲಗಳೆಯುವದಿಲ್ಲ.

ಆದರೆ ಆ ಪ್ರಬಂಧವು ಪ್ರಕಟವಾಗಿ ಮೂರು ವರುಷಗಳಾದ ಮೇಲೆ, ೧೮೯೨ನೆಯ ಜುಲೈ ತಿಂಗಳಲ್ಲಿ, ಅವನ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿಯನ್ನು ಇಳಿಸುವ ವಿಷಯದಲ್ಲಿ ಜಗಳ ಹುಟ್ಟಿತು. ಕಾರ್ನೆಗಿಯು ಆಗ ಸ್ಕಾಟ್ಲೆಂಡಿನಲ್ಲಿದ್ದನು. ಕಾರ್ಖಾನೆಯನ್ನು ನಡಿಸುತ್ತಿದ್ದ ಫ್ರಿಕ್ ಬಂದೂಕುಗಳುಳ್ಳ ಸುಮಾರು ಮುನ್ನೂರು ಬಾಡಿಗೆಯ ಕಾವಲುಗಾರರನ್ನು ಹೊಳೆಯ ದಾರಿಯಿಂದ ತರಿಸಿದನು. ಕಾದಾಟದಲ್ಲಿ ಎರಡು ಕಡೆಗಳಲ್ಲಿಯೂ ಪ್ರಾಣಗಳು ಹೋದವು. ಕೂಲಿಗಾರರ ಸಂಘ ಮುರಿಯಿತು. ೧೮೯೮ರಲ್ಲಿ ಆ ಊರಿಗೂ ಒಂದು ದೊಡ್ಡ ಪುಸ್ತಕಭಂಡಾರವು ದಾನವಾಗಿ ಬಂತು. ಆದರೆ ಬೆಂಕಿಯ ಕುಲುಮೆಯ ಮುಂದೆ ದಿನಕ್ಕೆ ಹನ್ನೆರಡು ತಾಸು ದುಡಿದು ಬಂದವನು ಯಾವಾಗ ಪುಸ್ತಕವನ್ನು ತೆರೆಯುವನು? ಕೂಲಿಯಲ್ಲಿ ಹಿಡಿದದ್ದನ್ನು ದಾನದಲ್ಲಿ ಬಿಟ್ಟರೆ, ಪಡೆಯುವವನು ತನ್ನ ಹಕ್ಕಿಗೇ ಕೈಮುಗಿಯಬೇಕಾಗುವದು. ಕೊಯಿದವರ ಕೂಲಿಯನ್ನು ಹಿಡಿದರೆ ಅದು ದೇವರ ಕಿವಿಯಲ್ಲಿ ಕೂಗುವದೆಂದು ಯಾಕೋಬನ ಪತ್ರಿಕೆಯು ಎಚ್ಚರಿಸುವದು. ಆ ಕೂಗು ಕಟ್ಟಡದಿಂದ ಅಡಗುವದಿಲ್ಲ.

ಈ ಕಾರ್ನೆಗಿಯು ಹುಟ್ಟು ಐಶ್ವರ್ಯವಂತನಲ್ಲ. ಅವನ ತಂದೆ ಸ್ಕಾಟ್ಲೆಂಡಿನಲ್ಲಿ ಕೈಮಗ್ಗದ ನೇಕಾರನು. ಉಗಿಯ ಮಗ್ಗಗಳು ಬಂದು ಕೈಮಗ್ಗ ನಿಂತದ್ದರಿಂದ ಆ ಕುಟುಂಬವು ೧೮೪೮ರಲ್ಲಿ ಅಮೆರಿಕಾಕ್ಕೆ ಹೋಯಿತು. ಹುಡುಗನು ಹತ್ತಿಯ ಗಿರಣಿಯಲ್ಲಿ ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟಿಗೆ ದುಡಿದನು. ಬಡತನ ಏನೆಂಬದು ಅವನಿಗೆ ಗೊತ್ತಿತ್ತು. ಆದದರಿಂದ ನಮ್ಮಲ್ಲಿ ಯಾರೂ, ನನಗೆ ಐಶ್ವರ್ಯ ಬಂದರೆ ನಾನು ಹಾಗೆ ಮಾಡಲಾರೆ ಎಂದು ಸುಲಭವಾಗಿ ಹೇಳಬಾರದು. ಏರಿಯ ಮೇಲೆ ಮನೆ ಕಟ್ಟಿದವನಿಗೆ ಕೆರೆ ಮಾತ್ರ ಕಾಣುವದು. ಕಣಿವೆ ಕಾಣಬೇಕಾದರೆ ತಿರುಗಿ ನೋಡಬೇಕು.

ಇನ್ನು ದೇವರ ಕ್ರಿಯೆಯೆಂಬ ಮಾತನ್ನು ನೋಡೋಣ. ಮಳೆಯನ್ನು ದೇವರು ಸುರಿಸಿದನು, ನಿಜ. ಕೊಳವೆಯನ್ನು ಮಾರಿದವನು ದೇವರಲ್ಲ, ಕೋಡಿಗೆ ಜಾಲರಿ ಹಾಕಿದವನು ದೇವರಲ್ಲ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಮಿಕ್ಕವರಿಗಿಂತ ಹೆಚ್ಚು ಪಾಪಿಗಳೆಂದು ಎಣಿಸಬಾರದೆಂದು ಕರ್ತನು ಹೇಳಿ, ಕೇಳಿದವರನ್ನೆಲ್ಲಾ ಮಾನಸಾಂತರಕ್ಕೆ ಕರೆದನು. ಆದರೆ ನಮ್ಮ ನಡುವೆ ಎಷ್ಟು ಸಾರಿ ದುಃಖಪಡುವವನ ಹತ್ತಿರ ಹೋಗಿ, ಇದು ದೇವರ ಚಿತ್ತ, ಸೈರಿಸಿಕೋ ಎಂದು ಹೇಳಿ ಬಂದುಬಿಡುತ್ತಾರೆ! ದೇವರ ಚಿತ್ತವು ಯಾವದು, ಮನುಷ್ಯನ ಅಲಕ್ಷ್ಯವು ಯಾವದು ಎಂದು ವಿಚಾರಿಸದೆ ಆಡುವ ಇಂಥಾ ಮಾತು ದೇವರ ನಾಮವನ್ನು ವ್ಯರ್ಥವಾಗಿ ಎತ್ತಿದ ಹಾಗೆಯೇ. ಸಂತೈಸುವದು ಬೇಕು, ಆದರೆ ಏರಿ ಯಾರ ವಶದಲ್ಲಿತ್ತೆಂದು ಕೇಳುವದೂ ಬೇಕು.

ಈಗ ನಮ್ಮ ಊರುಗಳಿಗೆ ಬರೋಣ. ಅಮೆರಿಕಾದ ಕೋಟ್ಯಧೀಶ್ವರರು ನಮ್ಮಲ್ಲಿಲ್ಲ. ಆದರೆ ನೂರು ಮನೆಯ ಹಳ್ಳಿಯಲ್ಲಿ ಹತ್ತು ಎಕರೆ ತೋಟ, ಒಂದು ಟ್ರಾಕ್ಟರು, ಬಡ್ಡಿಗೆ ಕೊಡುವ ಹಣ ಉಳ್ಳವನೂ ಏರಿಯ ಮೇಲಣವನೇ. ಅವನು ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಯಿಸಿದಾಗ ನೆರೆಯ ವಿಧವೆಯ ಬಾವಿ ಬತ್ತುವದುಂಟು. ನೀರು ಸಿಕ್ಕದ ಕೊಳವೆಬಾವಿಯನ್ನು ಮುಚ್ಚದೆ ಬಿಟ್ಟು ಅದರಲ್ಲಿ ಆಡುವ ಕೂಸುಗಳು ಬಿದ್ದು ಸತ್ತ ಸಂಗತಿಗಳು ನಮ್ಮ ಕನ್ನಡ ನಾಡಿನಲ್ಲಿಯೂ ನಡೆದವೆ. ಕುಣಿಯನ್ನು ಮುಚ್ಚಬೇಕೆಂದು ಮೋಶೆಯ ಕಾಲದಲ್ಲಿಯೇ ದೇವರು ಆಜ್ಞಾಪಿಸಿದ್ದನ್ನು ಒಂದು ಮುಚ್ಚಳದ ಖರ್ಚಿಗಾಗಿ ಮರೆತವರ ಕೈಯಲ್ಲಿ ಯಾರ ರಕ್ತವಿದೆ?

ಆದದರಿಂದ ದೇವರು ಸ್ವಲ್ಪವಾದರೂ ಹೆಚ್ಚು ಕೊಟ್ಟಿರುವ ಸಹೋದರರೇ, ನಿಮ್ಮ ಸೊತ್ತಿನಲ್ಲಿ ತೂಬನ್ನೂ ಕೋಡಿಯನ್ನೂ ಇಡಿರಿ. ತೂಬೆಂದರೆ ನ್ಯಾಯವಾದ ಕೂಲಿಯು ಹೊತ್ತಿಗೆ ಸರಿಯಾಗಿ ಹೊರಡುವದು. ಕೋಡಿಯೆಂದರೆ ಹೆಚ್ಚಾದದ್ದು ಕೇಳುವದಕ್ಕೆ ಮೊದಲೇ ಹರಿದುಹೋಗುವದು. ಮೀನಿನ ಆಶೆಯಿಂದ ಅದಕ್ಕೆ ಜಾಲರಿಯನ್ನು ಹಾಕಬೇಡಿರಿ. ನಿಮ್ಮ ಸೊತ್ತಿನಿಂದ ಕೆಳಗಿನವನಿಗೆ ಏನು ಅಪಾಯವುಂಟೆಂದು ನೀವೇ ಹೋಗಿ ಕೇಳಿರಿ. ಅವನು ಬಂದು ಹೇಳಲಿ ಎಂದು ಕಾದರೆ, ಸಾಲಗಾರನಾದ ಅವನು ಬಾರನು.

ಬಡವರಾದ ಸಹೋದರ ಸಹೋದರಿಯರೇ, ಐಶ್ವರ್ಯವಂತನನ್ನು ದ್ವೇಷಿಸಬೇಡಿರಿ. ಅವನ ಮುಂದೆ ಹಲ್ಲು ಕಿರಿಯಲೂ ಬೇಡಿರಿ. ದ್ವೇಷವು ನಿಮ್ಮ ಹೃದಯವನ್ನು ಕೆಡಿಸುವದು, ಮುಖಸ್ತುತಿಯು ಅವನ ಹೃದಯವನ್ನು ಕೆಡಿಸುವದು. ಗೌರವದಿಂದ, ಸತ್ಯದಿಂದ, ಒಬ್ಬೊಬ್ಬರಾಗಿ ಅಲ್ಲ ಕೂಡಿಕೊಂಡು ಹೋಗಿ ಮಾತಾಡಿರಿ. ಏರಿ ಜಿನುಗುತ್ತದೆಂದು ಹೇಳುವವನನ್ನು ನೋಡಿ ನಗಬೇಡಿರಿ. ಹತ್ತು ಸಾರಿ ಸುಳ್ಳಾದರೂ ಹನ್ನೊಂದನೆಯ ಸಾರಿ ಎದ್ದು ಹೋಗಿ ನೋಡಿರಿ.

ಸಭೆಯ ಹಿರಿಯರೇ, ನಿಮಗೂ ಒಂದು ಮಾತು. ಬೆಲೆಯುಳ್ಳ ಬಟ್ಟೆಯವನಿಗೆ ಒಳ್ಳೇ ಸ್ಥಳವನ್ನು ಕೊಟ್ಟು ಬಡವನನ್ನು ನಿಲ್ಲಿಸಬಾರದೆಂದು ಯಾಕೋಬನು ಬರೆದದ್ದು ಕುರ್ಚಿಯ ವಿಷಯವಾಗಿ ಮಾತ್ರವಲ್ಲ. ದೇವಾಲಯಕ್ಕೆ ಹೆಂಚು ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವದಕ್ಕೆ ಮುಂಚೆ, ಅವನ ಹೊಲದಲ್ಲಿ ದುಡಿದವರಿಗೆ ಕೂಲಿ ಸಂದಿದೆಯೋ ಎಂದು ವಿಚಾರಿಸಿರಿ. ಹೆಂಚಿಲ್ಲದ ದೇವಾಲಯದಲ್ಲಿ ದೇವರನ್ನು ಆರಾಧಿಸಬಹುದು. ಬಾಯಿಯಿಲ್ಲದ ಸಭೆಯಲ್ಲಿ ಆರಾಧಿಸಲಾಗದು.

ಕಡೆಯದಾಗಿ ಜಕ್ಕಾಯನನ್ನು ನೆನಸಿಕೊಳ್ಳೋಣ. ಅವನು ಐಶ್ವರ್ಯವಂತನು, ಸುಂಕದವರಲ್ಲಿ ಮುಖ್ಯನು. ಯೇಸು ಸ್ವಾಮಿಯು ಅವನನ್ನು ಮರದ ಮೇಲಿನಿಂದ ಇಳಿಯೆಂದು ಕರೆದನು. ಅವನು ಇಳಿದು ಬಂದು ಎರಡು ಮಾತುಗಳನ್ನು ಕೊಟ್ಟನು: ಸೊತ್ತಿನಲ್ಲಿ ಅರ್ಧವು ಬಡವರಿಗೆ, ಅನ್ಯಾಯದಿಂದ ತಕ್ಕೊಂಡದ್ದು ಕಳಕೊಂಡವನಿಗೇ ನಾಲ್ಕರಷ್ಟಾಗಿ. ಮೊದಲನೆಯದು ದಾನ, ಎರಡನೆಯದು ಲೆಕ್ಕ. ಎರಡೂ ಕೂಡಿದಾಗಲೇ ಆ ಮನೆಗೆ ರಕ್ಷಣೆಯಾಯಿತೆಂದು ಕರ್ತನು ಸಾರಿದನು. ದೇವರು ನಮ್ಮಲ್ಲಿ ಉಳ್ಳವರಿಗೆ ಇಳಿದು ಬರುವ ಮನಸ್ಸನ್ನೂ, ಇಲ್ಲದವರಿಗೆ ಕೇಳುವ ಧೈರ್ಯವನ್ನೂ, ಎಲ್ಲರಿಗೂ ಒಂದೇ ಕಣಿವೆಯ ಮಕ್ಕಳೆಂಬ ನೆನಪನ್ನೂ ದಯಪಾಲಿಸಲಿ. ಆಮೆನ್.